ನಾಯಿಗೆ ಕೊಡಿಸಿದ ಇಂಜೆಕ್ಷನ್ ಅಜ್ಜಿಗೆ ಯಾಕೆ ಕೊಡಿಸಬಾರದು?

ಪ್ರಶ್ನೆ: ನಮ್ಮ ಮನೆ ನಾಯಿಗೆ ಬಾಯಲ್ಲಿ ಗಡ್ಡೆಯಾಗಿ ಕೊನೆಗೆ ನೀರೂ ಇಳಿಯದ ಹಾಗಾಯಿತು. ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟರು, ನನ್ನ ತೊಡೆ ಮೇಲೇ ಕಣ್ಣು ಮುಚ್ಚಿತು. ಅದೇ ಮನೆಯಲ್ಲಿ ನಮ್ಮ ಅಜ್ಜಿ ಕ್ಯಾನ್ಸರ್ ಆಗಿ ಮಲಗಿದ್ದಾರೆ. ರಾತ್ರಿಯೆಲ್ಲ ನರಳುತ್ತಾರೆ. "ನಾಯಿಗೆ ಮಾಡ್ಸಿದ್ದನ್ನ ನಂಗೂ ಮಾಡ್ಸು ಮಗಾ" ಅಂತಾರೆ. ನಾಯಿಗೆ ತೋರಿಸಿದ ಕರುಣೆಯನ್ನು ಅಜ್ಜಿಗೆ ತೋರಿಸಿದರೆ ಅದು ಯಾಕೆ ತಪ್ಪು? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಕಾನೂನು ಒಪ್ಪಲ್ಲ ಅಂತ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ನೀವು ಕೇಳಿದ್ದು ಸರಿ ತಪ್ಪಿನ ಪ್ರಶ್ನೆ. ಕಾನೂನಿನ ವಿಷಯ ಆಮೇಲೆ ನೋಡೋಣ.

ನಾಯಿಯ ವಿಷಯದಲ್ಲಿ ನೀವು ಮಾಡಿದ್ದು ತಪ್ಪಲ್ಲ. ಮೊದಲು ಮಂಪರು ಬರಿಸಿ, ಆಮೇಲೆ ಅರಿವಳಿಕೆ ಮದ್ದನ್ನು ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು ಮತ್ತು ಹೃದಯ ನಿಲ್ಲುತ್ತವೆ. ಹಾಗಾಗಿ ಕೊನೆಯ ಕ್ಷಣ ಅದಕ್ಕೆ ಗೊತ್ತಾಗಿರುವುದಿಲ್ಲ. (ಹೂಳುವಾಗ ಗುಂಡಿ ಆಳವಾಗಿರಲಿ. ಆ ಮದ್ದು ದೇಹದಲ್ಲಿ ಉಳಿಯುತ್ತದೆ, ಕೆದರಿ ತಿಂದ ನರಿಗೋ ಬೇರೆ ನಾಯಿಗೋ ಅದು ವಿಷ.) "ನಾಳೆ ಔಷಧಿ ತರ್ತೀನಿ, ಇವತ್ತೊಂದು ರಾತ್ರಿ ತಡ್ಕೋ" ಅಂತ ನಾಯಿಗೆ ಹೇಳಕ್ಕಾಗಲ್ಲ ಅಲ್ವಾ. ಅದಕ್ಕಿರೋದು ಈ ಹೊತ್ತಿನ ನೋವು ಮಾತ್ರ, ಆ ನೋವು ಯಾಕೆ ಅಂತಾನೂ ಗೊತ್ತಿಲ್ಲ. ಅದರ ಪರವಾಗಿ ಯಾರಾದರೂ ತೀರ್ಮಾನ ಮಾಡಲೇಬೇಕು, ಸಾಕಿದವರ ತಲೆ ಮೇಲೆ ಆ ಭಾರ ಬೀಳುತ್ತದೆ.

ಗಾಂಧೀಜಿಯ ಮೇಲೂ ಈ ಭಾರ ಬಿದ್ದಿತ್ತು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ನರಳುತ್ತಿತ್ತು. ಅವರು ಡಾಕ್ಟರನ್ನು ಕರೆಸಿ, ಎದುರಿಗೆ ನಿಂತು ಇಂಜೆಕ್ಷನ್ ಕೊಡಿಸಿದರು. ದೇಶದ ತುಂಬ ಜನ ಸಿಟ್ಟಾಗಿ ಪತ್ರ ಬರೆದರು. ತನ್ನ ಲಾಭಕ್ಕೆ ಕೊಲ್ಲುವುದು ಹಿಂಸೆ, ಬೇರೆ ದಾರಿಯೇ ಇಲ್ಲದ ಪ್ರಾಣಿಯನ್ನು ನೋವಿನಿಂದ ಬಿಡಿಸುವುದು ಹಿಂಸೆ ಅಲ್ಲ ಅನ್ನುವುದು ಅವರ ನಿಲುವಾಗಿತ್ತು. ತನ್ನ ಮಗುವಿಗೇ ಹುಚ್ಚುನಾಯಿ ರೋಗ ಬಂದು ಯಾವ ಉಪಾಯವೂ ಉಳಿಯದಿದ್ದರೆ ಹಾಗೇ ಮಾಡುತ್ತೇನೆ ಅಂತಲೂ ಬರೆದರು. ಅಂದರೆ ನೀವು ಕೇಳಿದ ಪ್ರಶ್ನೆ ಅವರಿಗೂ ಎದುರಾಗಿತ್ತು, ಅವರು ತಪ್ಪಿಸಿಕೊಳ್ಳಲಿಲ್ಲ.

ನಮ್ಮ ಕಡೆ ಇದು ಜಾಸ್ತಿ ಕಾಡುವುದು ದನದ ವಿಷಯದಲ್ಲಿ. ಮಳೆಗಾಲದಲ್ಲಿ ತೋಟದ ಕಾಲುವೆಗೆ ಜಾರಿ ಸೊಂಟ ಮುರಿದುಕೊಂಡ ಹಸು ಏಳುವುದಿಲ್ಲ. ಗೋಣಿಚೀಲವನ್ನು ಹೊಟ್ಟೆ ಕೆಳಗೆ ತೂರಿಸಿ, ಹಗ್ಗ ಕಟ್ಟಿ, ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸುತ್ತಾರೆ. ಕೈ ಬಿಟ್ಟ ಕೂಡಲೇ ಕುಸಿಯುತ್ತದೆ. ಮೊದಲ ಕೆಲವು ದಿನ ಮಗ್ಗುಲು ಬದಲಿಸುತ್ತಾರೆ, ಒಣಹುಲ್ಲು ಹಾಸುತ್ತಾರೆ, ಬಾಯಿಗೆ ಹುಲ್ಲು ಹಿಡಿಯುತ್ತಾರೆ. ಆಮೇಲೆ ಚರ್ಮ ಹುಣ್ಣಾಗುತ್ತದೆ, ನೊಣ ಕೂತು ಹುಳ ಆಗುತ್ತದೆ, ಬದುಕಿದ್ದ ಹಾಗೇ ಕಾಗೆ ಕುಕ್ಕುತ್ತದೆ. "ಇಂಜೆಕ್ಷನ್ ಕೊಡಿಸಿದ್ರೆ ಪಾಪ ಬರುತ್ತೆ" ಅಂತ ಮನೆಯವರು ಸುಮ್ನಿರುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ, ಹಾಲು ಕುಡಿದ ಋಣ ದೊಡ್ಡದು. ಆದರೆ ನಮ್ಮ ಪಾಪ ಪುಣ್ಯದ ಲೆಕ್ಕವನ್ನು ಆ ಹಸುವಿನ ಮೈಮೇಲೆ ಹಾಕುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೇ, ಬದುಕಿಸಿಡುವುದು ಕ್ರೌರ್ಯ ಅನ್ನುವ ಸ್ಥಿತಿಯ ಪ್ರಾಣಿಗೆ ಕೊನೆ ಕಾಣಿಸಲು ಜಾಗ ಕೊಟ್ಟಿದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯಿದೆ ಬಿಗಿಯಾಗಿರುವುದರಿಂದ ಸ್ವಂತ ತೀರ್ಮಾನ ಬೇಡ, ಸರ್ಕಾರಿ ಪಶುವೈದ್ಯರನ್ನು ಕರೆಸಿ, ಅವರು ನೋಡಿ ಬರೆದುಕೊಡಲಿ. ಇನ್ನೊಂದು ಮಾತು. ಬೀದಿನಾಯಿಗಳ ನಿಯಮ ಕೂಡ, ವಾಸಿಯಾಗುವುದಿಲ್ಲ ಅಂತ ವೈದ್ಯರು ಹೇಳಿದ ನಾಯಿಗೆ ಮಾತ್ರ ಇದು ಅನ್ನುತ್ತದೆ. ವಯಸ್ಸಾಯಿತು, ಮನೆ ಗಲೀಜು ಮಾಡುತ್ತದೆ, ನೋಡಿಕೊಳ್ಳುವವರಿಲ್ಲ ಅಂತ ಇಂಜೆಕ್ಷನ್ ಕೊಡಿಸುವುದಕ್ಕೆ ದಯೆ ಅಂತ ಹೆಸರಿಡಬೇಡಿ.

ಈಗ ಅಜ್ಜಿಯ ವಿಷಯ.

ಅಜ್ಜಿಗೂ ನಾಯಿಗೂ ಇರುವ ವ್ಯತ್ಯಾಸ ಒಬ್ಬರ ಜೀವ ದೊಡ್ಡದು, ಇನ್ನೊಂದರ ಜೀವ ಸಣ್ಣದು ಅನ್ನುವುದಲ್ಲ. ಅಜ್ಜಿ ಮಾತಾಡುತ್ತಾರೆ. ಹಾಗಾದರೆ ಅವರೇ ಬಾಯಿಬಿಟ್ಟು ಕೇಳುತ್ತಿದ್ದಾರಲ್ಲ, ನಾಯಿಗಿಂತ ಸುಲಭ ಆಗಬೇಕಿತ್ತಲ್ಲ ಅನ್ನಬಹುದು. ನನಗೆ ಹಾಗೆ ಕಾಣುವುದಿಲ್ಲ. ನಾಯಿ ನರಳಿದರೆ ಅದು ಬರೀ ನೋವು. ಅಜ್ಜಿಯ ಆ ಒಂದು ಮಾತಿನೊಳಗೆ ನೋವಿದೆ, ಮಲ ಮೂತ್ರಕ್ಕೆ ಸೊಸೆಯನ್ನು ಕೂಗಬೇಕಾದ ನಾಚಿಕೆ ಇದೆ, ಈ ವರ್ಷದ ಅಡಿಕೆ ದುಡ್ಡೆಲ್ಲ ತನ್ನ ಸ್ಕ್ಯಾನಿಂಗಿಗೇ ಹೋಯಿತು ಅನ್ನುವ ಸಂಕಟ ಇದೆ, ನಿದ್ದೆಗೆಟ್ಟ ಮೊಮ್ಮಗನ ಮುಖ ನೋಡಿದ ಬೇಸರ ಇದೆ. ಅದರಲ್ಲಿ ಸಾಯುವ ಆಸೆ ಎಷ್ಟು, ಯಾರಿಗೂ ಹೊರೆಯಾಗಬಾರದು ಅನ್ನುವ ಆಸೆ ಎಷ್ಟು? ನೋವು ಇಳಿಸುವವರೆಗೆ ಇದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ.

ನನ್ನ ಮನಸ್ಸು ನಿಜವಾಗಿ ಕುದಿಯುವುದು ಇಲ್ಲಿ. ಕ್ಯಾನ್ಸರ್ ನೋವನ್ನು ಬಹುಪಾಲು ಜನರಲ್ಲಿ ಹತೋಟಿಗೆ ತರಬಹುದು. ಮಾರ್ಫಿನ್ ಮಾತ್ರೆ ದುಬಾರಿಯೂ ಅಲ್ಲ, ಹೊಸದೂ ಅಲ್ಲ. 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದ ಅದು ಬಹುತೇಕ ಆಸ್ಪತ್ರೆಗಳಿಂದಲೇ ಮಾಯವಾಗಿತ್ತು. 2014ರಲ್ಲಿ ತಿದ್ದುಪಡಿ ತಂದು ಸುಲಭ ಮಾಡಿದರು. ಆದರೂ ಘಟ್ಟದ ಹಳ್ಳಿಗಳಿಗೆ ಅದು ಸರಿಯಾಗಿ ಬಂದು ಮುಟ್ಟಿಲ್ಲ. "ಅದು ಚಟ ಹಿಡಿಸುತ್ತೆ, ಕೊನೆಗಾಲದ ಮದ್ದು" ಅನ್ನುವ ಹೆದರಿಕೆ ಜನರಲ್ಲೂ ಇದೆ, ಕೆಲವು ವೈದ್ಯರಲ್ಲೂ ಇದೆ. ನೋವಿಗೆ ತಕ್ಕಂತೆ ವೈದ್ಯರು ಅಳೆದು ಕೊಟ್ಟಾಗ ಚಟ ಆಗುವುದು ಅಪರೂಪ. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ, ಅದಕ್ಕೆ ಜೊತೆಗೇ ಔಷಧಿ ಕೊಡುತ್ತಾರೆ. ನೋವು ತಗ್ಗಿಸುವ ಮಾತ್ರೆಯನ್ನೇ ಕೊಡದೆ, ಸಾವಿನ ಇಂಜೆಕ್ಷನ್ ಕೊಡಬೇಕೋ ಬೇಡವೋ ಅಂತ ಚರ್ಚೆ ಮಾಡುವುದು ಅಜ್ಜಿಗೆ ಮಾಡುವ ಅನ್ಯಾಯ.

ಇನ್ನು ಕಾನೂನು. ಒಬ್ಬರಿಗೆ ಮದ್ದು ಚುಚ್ಚಿ ಸಾಯಿಸುವುದು ಭಾರತದಲ್ಲಿ ಅಪರಾಧ, ಅವರೇ ಕೇಳಿಕೊಂಡಿದ್ದರೂ ಅಪರಾಧವೇ. ಆದರೆ ವಾಸಿಯಾಗದ ಕಾಯಿಲೆಯಲ್ಲಿ, ಬರೀ ಸಾವನ್ನು ಮುಂದಕ್ಕೆ ತಳ್ಳುವ ಚಿಕಿತ್ಸೆಯನ್ನು ಬೇಡ ಅನ್ನುವುದು ಬೇರೆ ವಿಷಯ. ಅದು ಹಕ್ಕು.

ಈ ಹಕ್ಕಿನ ಕಥೆ ಶುರುವಾಗುವುದು ನಮ್ಮ ಪಕ್ಕದ ಊರಿನ ಹೆಣ್ಣುಮಗಳಿಂದ. ಸಾಗರ, ಜೋಗ ದಾಟಿ ಘಟ್ಟ ಇಳಿದರೆ ಹೊನ್ನಾವರ, ಅಲ್ಲಿನ ಹಳದೀಪುರದ ಅರುಣಾ ಶಾನಭಾಗ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿನ ಕೆಲಸಗಾರನೊಬ್ಬ ನಾಯಿಯ ಸರಪಳಿ ಕುತ್ತಿಗೆಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ರಕ್ತ ಹೋಗದೆ ಅವರು ಮತ್ತೆ ಏಳಲಿಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ನರ್ಸ್‌ಗಳು, ಒಂದು ತಲೆಮಾರು ನಿವೃತ್ತಿಯಾದ ಮೇಲೆ ಇನ್ನೊಂದು ತಲೆಮಾರಿನವರು, ಬಾಯಿಗೆ ತುತ್ತಿಟ್ಟು ನೋಡಿಕೊಂಡರು. ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗದಂತೆ ಕಾದರು. ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ಹೋಗಲು ಬಿಡಿ ಅಂತ ಅರುಣಾ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದಾಗ ಈ ನರ್ಸ್‌ಗಳು ಬೇಡ ಅಂದರು, 2011ರಲ್ಲಿ ಕೋರ್ಟು ಅವರ ಮಾತನ್ನೇ ಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಇಂಥ ಸ್ಥಿತಿಯಲ್ಲಿ ಜೀವಾಧಾರದ ಚಿಕಿತ್ಸೆ ನಿಲ್ಲಿಸಲು ದಾರಿಯನ್ನೂ ತೆರೆಯಿತು. ದಿನವೂ ಮೈ ಒರೆಸಿದವರು "ಇರಲಿ" ಅಂದರು, ದೂರದಿಂದ ಮರುಗಿದವರು "ಸಾಕು" ಅಂದರು. ಇಬ್ಬರದ್ದೂ ಪ್ರೀತಿಯೇ. ಅರುಣಾ ಏನನ್ನುತ್ತಿದ್ದರು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಅವರು ಎಲ್ಲೂ ಬರೆದಿಟ್ಟಿರಲಿಲ್ಲ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂದಿತು. ಕೊನೆಗಾಲದಲ್ಲಿ ತನಗೆ ಯಾವ ಚಿಕಿತ್ಸೆ ಬೇಡ ಅಂತ ಮುಂಚಿತವಾಗಿ ಬರೆದಿಡುವುದಕ್ಕೂ ಬೆಲೆ ಕೊಟ್ಟಿತು. 2023ರಲ್ಲಿ ಕ್ರಮ ಸುಲಭವಾಯಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ತನ್ನ ಪರ ಮಾತಾಡುವವರ ಹೆಸರು, ಇಷ್ಟಿದ್ದರೆ ಸಾಕು. ಮುಂದೆ ಆ ಪರಿಸ್ಥಿತಿ ಬಂದಾಗ ಆಸ್ಪತ್ರೆಯಲ್ಲಿ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಈ ತೀರ್ಪನ್ನು ಜಾರಿ ಮಾಡುವ ಆದೇಶ ಹೊರಡಿಸಿತು.

ಇದು ಗೊತ್ತಿಲ್ಲದೆ ನಮ್ಮಲ್ಲಿ ಏನಾಗುತ್ತದೆ ಅಂದರೆ, ಐಸಿಯುನಲ್ಲಿ ದುಡ್ಡೆಲ್ಲ ಖಾಲಿಯಾದ ಮೇಲೆ "ನಮ್ಮ ಸ್ವಂತ ಜವಾಬ್ದಾರಿ" ಅಂತ ಬರೆದುಕೊಟ್ಟು, ಮನೆಯಲ್ಲೇ ಜೀವ ಹೋಗಲಿ ಅಂತ ಆಂಬುಲೆನ್ಸ್‌ನಲ್ಲಿ ಘಾಟಿ ಹತ್ತುತ್ತಾರೆ. ತಿರುವು ತಿರುವಿಗೂ ಒಬ್ಬರು ಉಸಿರಿನ ಚೀಲ ಒತ್ತುತ್ತಾ ಕೂತಿರುತ್ತಾರೆ. ಮನೆ ಮುಟ್ಟಿದ ಮೇಲೆ ನೋವಿಗೂ ಉಬ್ಬಸಕ್ಕೂ ಏನೂ ಇರುವುದಿಲ್ಲ. ಚಿಕಿತ್ಸೆ ನಿಲ್ಲಿಸುವುದು ಅಂದರೆ ಆರೈಕೆ ನಿಲ್ಲಿಸುವುದಲ್ಲ.

ಮುಂದಿನ ಪ್ರಶ್ನೆ ನನಗೆ ಗೊತ್ತು. ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ 2002ರಿಂದಲೇ ವೈದ್ಯರು ಇಂಜೆಕ್ಷನ್ ಕೊಡುತ್ತಾರಲ್ಲ? ಹೌದು. ನೋವು ಸಹಿಸಲಾರದ್ದು, ವಾಸಿಯಾಗದ್ದು ಅಂತ ಇನ್ನೊಬ್ಬ ವೈದ್ಯರೂ ನೋಡಿ ಹೇಳಬೇಕು, ಕೇಳಿಕೆ ರೋಗಿಯದ್ದೇ ಆಗಿರಬೇಕು. ಸಲ್ಲೇಖನ, ಅಂದರೆ ಜೈನರು ಊಟ ಬಿಟ್ಟು ಪ್ರಾಣ ಬಿಡುವ ವ್ರತ, ನಮ್ಮ ಹೊಂಬುಜದ ನಿಷಿಧಿ ಕಲ್ಲುಗಳು (ಹಾಗೆ ಸತ್ತವರ ನೆನಪಿನ ಕಲ್ಲುಗಳು) ಅದನ್ನೇ ಹೇಳುತ್ತವೆ, ಅಲ್ಲೂ ನಿರ್ಧಾರ ವ್ರತ ಹಿಡಿದವರದ್ದೇ. ಬುದ್ಧಿ ಸ್ವಾಧೀನದಲ್ಲಿರುವವರು, ನೋವಿಗೆ ಎಲ್ಲ ಮದ್ದೂ ಸಿಕ್ಕ ಮೇಲೂ, ಯಾರ ಒತ್ತಡವೂ ಇಲ್ಲದೆ ಸಾಕು ಅಂದರೆ ಅದು ಕೆಟ್ಟ ಆಸೆ ಅಂತ ನಾನು ಹೇಳಲಾರೆ. ಆದರೆ ಆಸ್ತಿ ಪಾಲಿನ ಜಗಳ, ಸಾಲ, ನೋಡಿಕೊಳ್ಳಲು ಒಬ್ಬಳೇ ಸೊಸೆ ಇರುವ ಮನೆಗಳಲ್ಲಿ ಆ "ಸಾಕು" ಯಾರದ್ದು ಅಂತ ಕೇಳುವವರು ಯಾರು? ಅದಕ್ಕೆ ಉತ್ತರ ಸಿಗುವವರೆಗೆ ಅಂಥ ಇಂಜೆಕ್ಷನ್ ನಮ್ಮಲ್ಲಿ ಬೇಡ ಅನ್ನುವುದು ನನ್ನ ನಿಲುವು.

ನೀವು ಈ ವಾರವೇ ಅಜ್ಜಿಯ ಫೈಲ್ ಹಿಡಿದು ಅವರಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಹೋಗಿ, "ಕ್ಯಾನ್ಸರ್ ವಾಸಿ ಮಾಡಿ ಅಂತ ಬಂದಿಲ್ಲ, ನೋವು ಇಳಿಸಿ" ಅಂತ ನೇರವಾಗಿ ಕೇಳಿ. ಉಪಶಮನ ಆರೈಕೆ (ರೋಗ ವಾಸಿ ಮಾಡದೆ ನೋವು, ಸಂಕಟ ತಗ್ಗಿಸುವ ಆರೈಕೆ, ಪ್ಯಾಲಿಯೇಟಿವ್ ಕೇರ್) ಎಲ್ಲಿ ಸಿಗುತ್ತದೆ, ಮಾರ್ಫಿನ್ ಯಾರು ಬರೆದುಕೊಡುತ್ತಾರೆ ಅಂತ ಹೆಸರು ಹೇಳಿಯೇ ಕೇಳಿ, ಅಲ್ಲಿ ಇಲ್ಲದಿದ್ದರೆ ಶಿವಮೊಗ್ಗದಲ್ಲಿ ವಿಚಾರಿಸಿ. ಅಜ್ಜಿ ಒಂದೆರಡು ರಾತ್ರಿ ಸರಿಯಾಗಿ ನಿದ್ದೆ ಮಾಡಲಿ. ಆಮೇಲೆ ಬೆಳಿಗ್ಗೆ ಹೊತ್ತು, ಬೇರೆ ಯಾರೂ ಇಲ್ಲದಾಗ ಹತ್ತಿರ ಕೂತು, ಉಸಿರಾಟಕ್ಕೆ ಯಂತ್ರ ಹಾಕಬೇಕಾ, ಮತ್ತೆ ಆಸ್ಪತ್ರೆಗೆ ಸೇರಿಸಬೇಕಾ, ಕೊನೆಗೆ ಎಲ್ಲಿರಬೇಕು ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಅವರಿಂದ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ ನೋಟರಿ ಮಾಡಿಸಿ. ದೂರದ ಊರಲ್ಲಿರುವ ಚಿಕ್ಕಪ್ಪ, ಅತ್ತೆಯರಿಗೂ ಇದನ್ನು ಮುಂಚೆಯೇ ಹೇಳಿಡಿ. ಕೊನೇ ಗಳಿಗೆಯಲ್ಲಿ ಬಂದು "ವೆಂಟಿಲೇಟರ್ ಹಾಕಿಸಿ" ಅಂತ ಪಟ್ಟು ಹಿಡಿಯುವವರು ಸಾಮಾನ್ಯವಾಗಿ ಅವರೇ.