ಸಿಸಿ ಏರಿಸುವ ಮೊದಲು ಬ್ಲಾಕಿನ ಎತ್ತರ ಅಳೆಯಿರಿ

"ಜಿಪ್ಸಿ ಬ್ಲಾಕಿಗೆ ಹಳೇ ಬಲೆನೊ ಕ್ರ್ಯಾಂಕ್ ಕೂಡ್ತದೇನ್ರಿ ಸರ?" ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಮಶಿನ್ ಶಾಪಿನಲ್ಲಿ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಆಫ್‌ರೋಡ್ ಹುಚ್ಚಿನ ಹುಡುಗರು, ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು. ಕೆಲವರು ಗುಜರಿಯಿಂದ ಕ್ರ್ಯಾಂಕ್ ತಂದುಕೊಂಡೇ ಕೇಳುತ್ತಾರೆ. ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಮೇಲೆ-ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡ; ಬ್ಲಾಕ್ ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈ. ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರ ಕ್ರ್ಯಾಂಕಿನಲ್ಲಿಲ್ಲ, ಬ್ಲಾಕಿನ ಎತ್ತರದಲ್ಲಿದೆ.

ಮೊದಲು ಸಿಸಿ ಎಲ್ಲಿಂದ ಬರುತ್ತದೆ ನೋಡೋಣ. ಬೋರ್ ಅಂದರೆ ಸಿಲಿಂಡರಿನ ಒಳ ವ್ಯಾಸ, ಸ್ಟ್ರೋಕ್ ಅಂದರೆ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಓಡುವ ದೂರ; ಅದನ್ನು ಕ್ರ್ಯಾಂಕ್ ನಿರ್ಧರಿಸುತ್ತದೆ. ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದು, ಬೋರನ್ನು ಬೋರಿನಿಂದಲೇ ಗುಣಿಸಿ. ಅದನ್ನು 0.7854ರಿಂದ, ಆಮೇಲೆ ಸ್ಟ್ರೋಕಿನಿಂದ, ಕೊನೆಗೆ ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ. ಜಿಪ್ಸಿ ಕಿಂಗ್, ಎಸ್ಟೀಮ್ ಗಾಡಿಗಳ ಸುಜುಕಿ ಜಿ13 ಎಂಜಿನ್ನಿನ ಬೋರ್ 74 ಮಿ.ಮೀ., ಸ್ಟ್ರೋಕ್ 75.5. ನಾಲ್ಕು ಸಿಲಿಂಡರಿಗೆ 1298 ಸಿಸಿ. 1999ರಲ್ಲಿ ಬಂದ ಬಲೆನೊ ಸೆಡಾನಿನ ಜಿ16 ಎಂಜಿನ್ನಿಗೆ ಬೋರ್ 75, ಸ್ಟ್ರೋಕ್ 90. ಅದು 1590 ಸಿಸಿ.

ಈಗ ಒಂದೊಂದೇ ಬದಲಿಸಿ ನೋಡಿ. ಜಿ13ರ ಬೋರನ್ನು 74ರಿಂದ 75ಕ್ಕೆ ಏರಿಸಿದರೆ 1334 ಸಿಸಿ ಆಗುತ್ತದೆ. ಅಂದರೆ 35 ಸಿಸಿ ಲಾಭ, ಅಷ್ಟೇ. ಬೋರ್ 74ರಲ್ಲೇ ಇಟ್ಟು ಸ್ಟ್ರೋಕ್ 90 ಮಾಡಿದರೆ 1548 ಸಿಸಿ. ಲಾಭವೆಲ್ಲ ಸ್ಟ್ರೋಕಿನಲ್ಲೇ ಇದೆ. "ಅರ್ಧ ಮಿಲಿಮೀಟರ್ ರೀಬೋರ್ ಮಾಡಿಸಿದೆ, ಗಾಡಿ ಹಾರುತ್ತಿದೆ" ಅನ್ನುವವರು ಇದ್ದಾರೆ. ಆ ಅರ್ಧ ಮಿಲಿಮೀಟರಿನಿಂದ ಸಿಗುವುದು 18 ಸಿಸಿ. ಗಾಡಿ ಚುರುಕಾಗಿದ್ದು ಸವೆದ ಬೋರು ಗುಂಡಗಾಗಿ, ಹೊಸ ರಿಂಗು ಸರಿಯಾಗಿ ಕೂತು ಕಂಪ್ರೆಷನ್ ವಾಪಸ್ ಬಂದಿದ್ದರಿಂದ.

ಹಳೇ ಬುಲೆಟ್ಟಿನ ಕಥೆ ಇದಕ್ಕೆ ಉಲ್ಟಾ. 350 ಮತ್ತು 500 ಎರಡಕ್ಕೂ ಸ್ಟ್ರೋಕ್ 90 ಮಿ.ಮೀ. ಒಂದರ ಬೋರ್ 70, ಇನ್ನೊಂದರದು 84. ಅಲ್ಲಿ ಬೋರೇ ಕೆಲಸ ಮಾಡಿದೆ.

ಸ್ಟ್ರೋಕ್ ಏರಿಸುವುದು ಸುಲಭ ಅಲ್ಲ. ಕ್ರ್ಯಾಂಕಿನ ನಡುಗೆರೆಯಿಂದ ಬ್ಲಾಕಿನ ಮೇಲ್ಮೈವರೆಗೆ ಒಂದು ನಿಗದಿತ ಎತ್ತರ ಇರುತ್ತದೆ. ಆ ಎತ್ತರದೊಳಗೆ ಮೂರು ಅಳತೆ ಹಿಡಿಸಬೇಕು: ಸ್ಟ್ರೋಕಿನ ಅರ್ಧ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಉದ್ದ, ಪಿಸ್ಟನ್ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆವರೆಗಿನ ಎತ್ತರ. 75.5ರ ಜಾಗಕ್ಕೆ 90ರ ಕ್ರ್ಯಾಂಕ್ ಬಂದರೆ ಸ್ಟ್ರೋಕ್ 14.5 ಮಿ.ಮೀ. ಜಾಸ್ತಿ. ಅದರ ಅರ್ಧ 7.25. ಹಳೇ ರಾಡ್, ಹಳೇ ಪಿಸ್ಟನ್ ಇಟ್ಟರೆ ಪಿಸ್ಟನ್ ಅಷ್ಟು ಮೇಲೆ ಬಂದು ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೆ ನೇರವಾಗಿ ಬಡಿಯುತ್ತದೆ. ಕೆಳಗೂ ಅಷ್ಟೇ ಇಳಿಯುತ್ತದೆ. ರಾಡಿನ ಬೋಲ್ಟು ಸಿಲಿಂಡರಿನ ಕೆಳಅಂಚಿಗೆ ತಾಗಬಹುದು, ಪಿಸ್ಟನ್ ಸ್ಕರ್ಟು ಕ್ರ್ಯಾಂಕಿನ ತೂಕದ ಭಾಗಕ್ಕೆ ಉಜ್ಜಬಹುದು.

ಆ 7.25 ಮಿ.ಮೀ. ಎಲ್ಲಾದರೂ ಕಳೆಯಬೇಕಲ್ವಾ? ರಾಡ್ ಗಿಡ್ಡ ಮಾಡಬಹುದು. ಆಗ ರಾಡ್ ಜಾಸ್ತಿ ಓರೆಯಾಗಿ ನಿಂತು ಪಿಸ್ಟನ್ನನ್ನು ಬೋರಿನ ಗೋಡೆಗೆ ಒತ್ತುತ್ತದೆ, ಬೋರು ಬೇಗ ಸವೆಯುತ್ತದೆ. ಪಿನ್ನಿನ ತೂತು ಇನ್ನೂ ಮೇಲಕ್ಕಿರುವ ಪಿಸ್ಟನ್ ಹುಡುಕಬಹುದು. ಆಗ ರಿಂಗುಗಳಿಗೆ ಜಾಗ ಕಮ್ಮಿ. ಮೂರನೆಯ ದಾರಿ ಎತ್ತರದ ಬ್ಲಾಕ್. ಸುಜುಕಿಯವರು 1.6ಕ್ಕೆ ಆರಿಸಿಕೊಂಡಿದ್ದು ಇದನ್ನೇ. ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಕ್ರ್ಯಾಂಕ್ ಒಂದನ್ನೇ ತರಬೇಡಿ. ಬಲೆನೊದ ಬ್ಲಾಕ್, ಕ್ರ್ಯಾಂಕ್, ರಾಡ್ ಒಂದೇ ಗಾಡಿಯದ್ದು ತನ್ನಿ. ಅದು ಜಿಪ್ಸಿಯ ಗೇರ್‌ಬಾಕ್ಸಿಗೆ ಬೋಲ್ಟ್ ಆಗುತ್ತದೆ. ಬಲೆನೊದಲ್ಲಿ ಎಂಜಿನ್ ಅಡ್ಡ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಸಂಪು (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ), ಆಯಿಲ್ ಪಿಕಪ್ ಪೈಪು, ಮೌಂಟಿಂಗು, ಮ್ಯಾನಿಫೋಲ್ಡು ಹೊಂದಿಸಬೇಕು. ನನ್ನ ಅನುಭವದಲ್ಲಿ ಇದೇ ಅಗ್ಗ, ಇದೇ ಗಟ್ಟಿ.

ಭಾಗ ಬೆರೆಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಂಪನಿಗಳೇ ಅದನ್ನು ಮಾಡುತ್ತವೆ. ಹಳೇ ಜಿಪ್ಸಿಯ 970 ಸಿಸಿ ಎಂಜಿನ್ನಿನ ಬೋರ್ 65.5, ಸ್ಟ್ರೋಕ್ 72. ಮಾರುತಿ 800ರ ಮೂರು ಸಿಲಿಂಡರ್ ಎಂಜಿನ್ನಿನ ಸ್ಟ್ರೋಕೂ 72, ಬೋರ್ 68.5. ಆಮೇಲೆ ಬಂದ ವ್ಯಾಗನ್ ಆರ್‌ನ 1061 ಸಿಸಿ ಎಂಜಿನ್ ನೋಡಿ: ನಾಲ್ಕು ಸಿಲಿಂಡರ್, 800ರದ್ದೇ ಬೋರ್, ಅದೇ ಸ್ಟ್ರೋಕ್. ಹಿಂದಿನ ಸ್ವಿಫ್ಟಿನ ನಾಲ್ಕು ಸಿಲಿಂಡರಿನ 1197 ಸಿಸಿ ಪೆಟ್ರೋಲ್ ಎಂಜಿನ್ ಮತ್ತು ಮೊದಲ ಎರ್ಟಿಗಾದ 1373 ಸಿಸಿ ಎಂಜಿನ್ ಎರಡರ ಬೋರೂ 73. ಸ್ಟ್ರೋಕ್ ಮಾತ್ರ 71.5 ಮತ್ತು 82. ಒಂದೇ ಕುಟುಂಬದ ಎಂಜಿನ್ನುಗಳಲ್ಲಿ ಹುಡುಕಿದರೆ ದಾರಿ ಸಿಗುತ್ತದೆ. ಆದರೆ ಕುಟುಂಬ ಒಂದೇ ಅಂತ ಅಳತೆ ಬಿಡಬೇಡಿ. ಮೇನ್ ಜರ್ನಲ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ವ್ಯಾಸ, ರಾಡ್ ಜರ್ನಲ್ (ಕ್ರ್ಯಾಂಕಿನಲ್ಲಿ ರಾಡ್ ಕೂರುವ ಭಾಗ) ವ್ಯಾಸ ಮತ್ತು ಅಗಲ, ಪಿನ್ ವ್ಯಾಸ, ಎಲ್ಲವನ್ನೂ ಮೈಕ್ರೋಮೀಟರ್ ಹಿಡಿದು ಬರೆದುಕೊಳ್ಳಿ.

ಗುಜರಿ ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕೊಡುವ ಮೊದಲು ಬಿರುಕು ಪರೀಕ್ಷೆ ಮಾಡಿಸಲೇಬೇಕು. ಜರ್ನಲಿನ ಮೂಲೆಯ ತಿರುವಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಆಯಸ್ಕಾಂತದ ಪರೀಕ್ಷೆಯಲ್ಲಿ ಕಾಣುತ್ತದೆ.

ಇನ್ನು ಕಂಪ್ರೆಷನ್. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗ, ಮೇಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಅನ್ನುವುದೇ ಕಂಪ್ರೆಷನ್ ಅನುಪಾತ. ಲೆಕ್ಕಕ್ಕೆ ಹಳೇ ಎಂಜಿನ್ 9ಕ್ಕೆ 1ರ ಅನುಪಾತದ್ದು ಅಂತ ಹಿಡಿಯೋಣ. ಒಂದು ಸಿಲಿಂಡರಿನ ಸಿಸಿ 324.7. ಹಾಗಾದರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 40.6 ಸಿಸಿ. ಅದೇ ಜಾಗ ಇಟ್ಟು ಸಿಲಿಂಡರನ್ನು 397.6 ಸಿಸಿ ಮಾಡಿದರೆ ಅನುಪಾತ 10.8ಕ್ಕೆ ಏರುತ್ತದೆ. ನೀವು ಹೆಡ್ ಮುಟ್ಟಿಯೇ ಇಲ್ಲ, ಆದರೂ ಏರಿತು. ಬೇಸಿಗೆಯ ಮಧ್ಯಾಹ್ನ ಫುಲ್ ಲೋಡಿನಲ್ಲಿ ಅರಬೈಲ್ ಘಾಟ್ ಹತ್ತಿದರೆ ನಾಕಿಂಗ್, ಅಂದರೆ ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು, ಶುರುವಾಗುತ್ತದೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನಿನ ರಿಂಗ್ ಕೂರುವ ಪಟ್ಟಿ ಒಡೆಯುತ್ತದೆ. ಹೆಡ್ಡನ್ನು ತಲೆಕೆಳಗಾಗಿಟ್ಟು, ತೂತಿರುವ ಅಕ್ರಿಲಿಕ್ ಹಲಗೆ ಮುಚ್ಚಿ, ಬ್ಯುರೆಟ್ಟಿನಿಂದ ಸೀಮೆಎಣ್ಣೆ ಬಿಟ್ಟು ಚೇಂಬರ್ ಎಷ್ಟು ಸಿಸಿ ಅಂತ ನೋಡಿ. ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ ತಲೆಯ ಗುಂಡಿ ಇವನ್ನೂ ಸೇರಿಸಿ. ಅನುಪಾತ ಜಾಸ್ತಿ ಬಂದರೆ ಗುಂಡಿ ಆಳವಿರುವ ಪಿಸ್ಟನ್ ಹಾಕಿ. ಸುಮ್ನೆ ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡುವುದನ್ನು ನಾನು ಒಪ್ಪುವುದಿಲ್ಲ.

ಜೋಡಿಸುವಾಗ ಮೊದಲು ಒಣ ಜೋಡಣೆ ಮಾಡಿ. ಪಿಸ್ಟನ್ ತಲೆಗೆ ಮೆತ್ತನೆ ಜೇಡಿ ಹಚ್ಚಿ, ಹೆಡ್ ಕೂರಿಸಿ, ಟೈಮಿಂಗ್ ಹೊಂದಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ. ಬಿಚ್ಚಿ ಜೇಡಿಯ ದಪ್ಪ ಅಳೆಯಿರಿ. ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಅಂತರ ಇದೆ ಅಂತ ಅದೇ ಹೇಳುತ್ತದೆ. ಬ್ಲಾಕ್ ಎತ್ತರದ್ದಾದರೆ ಟೈಮಿಂಗ್ ಬೆಲ್ಟೂ ಉದ್ದದ್ದು ಬೇಕು, ಮರೆಯಬೇಡಿ. ನಾಲ್ಕು ಪಿಸ್ಟನ್ ಒಂದೇ ತೂಕ ಇರಲಿ. ರಾಡುಗಳನ್ನು ದೊಡ್ಡ ತುದಿ, ಸಣ್ಣ ತುದಿ ಬೇರೆ ಬೇರೆಯಾಗಿ ತೂಗಿ.

ವೇಗದ ಮಿತಿಯೂ ಬದಲಾಗುತ್ತದೆ. 6000 ಆರ್‌ಪಿಎಮ್‌ನಲ್ಲಿ 75.5 ಸ್ಟ್ರೋಕಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 15.1 ಮೀಟರ್ ಓಡುತ್ತದೆ. 90ರದ್ದು 18 ಮೀಟರ್. ಹಾಗಾಗಿ ದೊಡ್ಡ ಸ್ಟ್ರೋಕಿನ ಎಂಜಿನ್ನನ್ನು ಕಿರುಚಿಸಬೇಡಿ. ಕಡಿಮೆ ಆರ್‌ಪಿಎಮ್‌ನಲ್ಲಿ ಎಳೆಯುವುದೇ ಅದರ ಗುಣ. ಗದಗದ ಕಡೆ ಎರೆಮಣ್ಣಿನ ಹೊಲದ ದಾರಿಯಲ್ಲಿ ನಮಗೆ ಬೇಕಾದದ್ದೂ ಅದೇ. ಪೆಟ್ರೋಲೂ ಸಿಸಿ ಏರಿದಷ್ಟೇ ಬೇಕು. 1298ರಿಂದ 1590 ಅಂದರೆ ಶೇಕಡಾ 22 ಜಾಸ್ತಿ. ಪೆಟ್ರೋಲ್ ಎಷ್ಟು ಬಿಡಬೇಕು ಅಂತ ನಿರ್ಧರಿಸುವ ಹಳೇ ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ಇದು ಗೊತ್ತಿಲ್ಲ. ಟ್ಯೂನ್ ಮಾಡದೆ ಓಡಿಸಿದರೆ ಮಿಕ್ಸ್ಚರ್ ತೆಳುವಾಗಿ ಪಿಸ್ಟನ್ ಸುಡುತ್ತದೆ.

ಕಾನೂನನ್ನೂ ಹೇಳಬೇಕು. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರ್ ಮತ್ತು ಸಿಸಿ ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಥರ್ಡ್ ಪಾರ್ಟಿ ವಿಮೆಯ ದರವೂ 1000, 1500 ಸಿಸಿಗಳ ಗಡಿಯ ಮೇಲೆ ನಿಂತಿದೆ. 1298ರ ಗಾಡಿಗೆ 1590 ಹಾಕಿ ಹಳೇ ವಿಮೆಯಲ್ಲೇ ಓಡಿಸಿದರೆ, ಅಪಘಾತವಾದ ದಿನ ನೀವೂ ಕಷ್ಟಕ್ಕೆ ಬೀಳುತ್ತೀರಿ, ಪೆಟ್ಟು ತಿಂದವರೂ ಬೀಳುತ್ತಾರೆ. ಅದಕ್ಕೇ ಈ ಕೆಲಸವನ್ನು ನಾವು ಸ್ಪರ್ಧೆಯ ಗಾಡಿಗೆ ಮಾತ್ರ ಮಾಡುತ್ತೇವೆ. ಅಲ್ಲೂ ಸಿಸಿ ನೋಡಿಯೇ ವರ್ಗ ವಿಂಗಡಿಸುತ್ತಾರೆ, ನಿಯಮ ಓದಿಕೊಂಡು ಬನ್ನಿ.

ಎಂಜಿನ್ ಸ್ಟಾರ್ಟ್ ಆದ ಮೇಲೆ ಒಂದು ಕೆಲಸ ಉಳಿಯುತ್ತದೆ. ಮೊದಲ ಆಯಿಲ್ ಬೇಗ ಬದಲಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ನವಿರಾದ ಬೂದು ಪುಡಿ ಇದ್ದರೆ ಅದು ರಿಂಗು ಬೋರು ಹೊಂದಿಕೊಂಡ ಗುರುತು. ಆಯಸ್ಕಾಂತಕ್ಕೆ ಅಂಟದ, ಹೊಳೆಯುವ ಚೂರುಗಳು ಕಂಡರೆ ಬೇರಿಂಗ್ ಮೇಲೆ ಅನುಮಾನ ಪಡಿ. ಅವತ್ತೇ ಸಂಪ್ ಇಳಿಸಿ, ಬೇರಿಂಗ್ ಕ್ಯಾಪುಗಳನ್ನು ಬಿಚ್ಚಿ ನೋಡಿ.