ಡಾಂಬರಿನ ಅಂಚು ಹೆದ್ದಾರಿಯ ಎಲ್ಲೆಯಲ್ಲ

ಹದ್ದುಬಸ್ತಿಗೆಂದು, ಅಂದರೆ ಜಮೀನಿನ ಎಲ್ಲೆ ಅಳೆದು ಗುರುತಿಸಲೆಂದು, ಭೂಮಾಪಕನಾದ ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು, ನಾನು ಜಮೀನು ತಲುಪುವ ಮೊದಲೇ ರಾಜ್ಯ ಹೆದ್ದಾರಿಯ ಡಾಂಬರಿನ ಅಂಚಿನಿಂದ ಟೇಪು ಹಿಡಿದು ಅಳೆದು, ಗೂಟ ನೆಟ್ಟು, ಕೆಲವೊಮ್ಮೆ ಕಾಂಪೌಂಡಿಗೆ ಪಾಯವನ್ನೂ ತೋಡಿಸಿರುತ್ತಾರೆ. ಡಾಂಬರು ಮುಗಿದಲ್ಲಿಗೆ ರಸ್ತೆಯೂ ಮುಗಿಯಿತೆಂಬ ನಂಬಿಕೆಯನ್ನು ಬಿಡಿಸುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತದೆ.

ಕರ್ನಾಟಕದ ಹಳ್ಳಿಗಾಡಿನ ಹೆದ್ದಾರಿಗಳಲ್ಲಿ ಅನೇಕವು ಸಂತೆಯೂರುಗಳ ನಡುವಿನ ಗಾಡಿದಾರಿಗಳಾಗಿದ್ದವು. ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವಿಂಗಡಿಸಿದ್ದು 1943ರ ನಾಗಪುರ ಯೋಜನೆ. ಹಲವು ಗ್ರಾಮ ನಕ್ಷೆಗಳು ಅದಕ್ಕಿಂತ ಹಳೆಯವು. ಗಾಡಿದಾರಿಗೆ ಬಿಟ್ಟ ಜಾಗ ಅವುಗಳಲ್ಲಿದೆ, ದಾರಿ ಸರ್ವೆ ನಂಬರಿನೊಳಗೆ ಹಾದಿದ್ದರೆ ಅಷ್ಟು ಗುಂಟೆ ಬಿ ಖರಾಬೆಂದು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗವೆಂದು) ದಾಖಲಾಗಿರುತ್ತದೆ. ಎರಡು ಪಥದ ಡಾಂಬರಿನ ಅಗಲ 7 ಮೀಟರ್. ಆದರೆ ಬಯಲು ಸೀಮೆಯ ಗ್ರಾಮಾಂತರ ರಾಜ್ಯ ಹೆದ್ದಾರಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಸೂಚಿಸುವ ಜಾಗದ ಅಗಲ ಸಾಮಾನ್ಯವಾಗಿ 45 ಮೀಟರ್. ನಿಮ್ಮ ಹೊಲದ ಮುಂದೆ ಅಷ್ಟೇ ಇದೆಯೆಂದು ಟಿಪ್ಪಣಿಯನ್ನೂ (ಸರ್ವೆ ನಂಬರಿನ ಮೂಲ ಅಳತೆಯ ದಾಖಲೆ) ಭೂಸ್ವಾಧೀನದ ನಕ್ಷೆಯನ್ನೂ ನೋಡದೆ ನಾನು ಹೇಳಲಾರೆ.

"ಹಾಗಾದರೆ ರಸ್ತೆಯ ನಡುವಿನಿಂದ ಅಳೆಯಿರಿ" ಎನ್ನುವ ಜಾಣರೂ ಇದ್ದಾರೆ. ಯಾವ ನಡುವಿನಿಂದ? ಒಂದು ಬದಿಗೆ ಕೆರೆ ಏರಿಯಿದ್ದರೆ ರಸ್ತೆಯನ್ನು ಇನ್ನೊಂದು ಬದಿಗಷ್ಟೇ ಅಗಲಿಸಿರುತ್ತಾರೆ. ಆಗ ಇಂದಿನ ಬಿಳಿಗೆರೆಗೂ ಹಳೆಯ ಜಾಗದ ಮಧ್ಯಕ್ಕೂ ಸಂಬಂಧವೇ ಉಳಿಯುವುದಿಲ್ಲ. ಸ್ವಾಧೀನವಾದ ಗುಂಟೆಗಳನ್ನು ಕಮ್ಮಿಜಾಸ್ತಿ ಪತ್ರಿಕೆ (ವಿಸ್ತೀರ್ಣದ ಹೆಚ್ಚುಕಡಿಮೆಯನ್ನು ದಾಖಲೆಗೆ ತರುವ ಪತ್ರ) ಮಾಡಿ ಕಳೆಯದಿದ್ದರೆ, ಪರಿಹಾರದ ಹಣ ಅಜ್ಜನ ಕಾಲದಲ್ಲೇ ಖರ್ಚಾಗಿದ್ದರೂ ಮೊಮ್ಮಗನ ಪಹಣಿಯಲ್ಲಿ ವಿಸ್ತೀರ್ಣ ಹಾಗೇ ಉಳಿದಿರುತ್ತದೆ.

ತಿರುವು ನೇರ ಮಾಡಿದ ಕಡೆ ಪೇಚು ಇನ್ನೂ ಹೆಚ್ಚು. ಒಮ್ಮೆ ಹಿರಿಯ ರೈತರೊಬ್ಬರು ಹೆದ್ದಾರಿಯಿಂದ ನೂರು ಹೆಜ್ಜೆ ಒಳಗೆ ಸಾಲಾಗಿ ನಿಂತ ಹುಣಸೆಮರಗಳನ್ನು ತೋರಿಸಿ, "ಸ್ವಾಮಿ, ಇವು ನಮ್ಮ ತೋಟದವಲ್ಲ, ಸಾಲುಮರ, ನಮ್ಮಪ್ಪ ಗಾಡಿ ಹೊಡೀತಿದ್ದುದು ಇವುಗಳ ನೆರಳಲ್ಲೇ" ಎಂದರು. ಅವರ ಮಗನಿಗೆ ಅದು ರುಚಿಸಲಿಲ್ಲ, ಏಕೆಂದರೆ ಅಲ್ಲಿಯೇ ಅವನು ಕೋಳಿ ಶೆಡ್ಡಿಗೆ ಕಂಬ ನಿಲ್ಲಿಸಿದ್ದ. ಗ್ರಾಮ ನಕ್ಷೆ ಬಿಚ್ಚಿದಾಗ ಮುದುಕರ ಮಾತೇ ನಿಜವಾಯಿತು. ವಾಹನ ಓಡಾಡದಿದ್ದರೂ, ವಿಧಿವತ್ತಾಗಿ ವಿಲೇವಾರಿ ಆಗುವವರೆಗೆ ಹಳೆಯ ತಿರುವು ಸರ್ಕಾರದ್ದೇ. ಇಂಥ ಹಿರಿಯರಿದ್ದರೆ ನನ್ನ ಕೆಲಸ ಹಗುರ.

ಸ್ವಂತ ಎಲ್ಲೆ ಖಚಿತವಾದ ಮೇಲೂ ರಸ್ತೆಯ ಪಕ್ಕಕ್ಕೇ ಗೋಡೆ ಎಬ್ಬಿಸುವಂತಿಲ್ಲ. 1964ರ ಕರ್ನಾಟಕ ಹೆದ್ದಾರಿ ಕಾಯ್ದೆಯಡಿ ಕಟ್ಟಡ ರೇಖೆಯನ್ನು, ಅಂದರೆ ರಸ್ತೆಯ ಕಡೆಗೆ ಕಟ್ಟಡ ದಾಟಬಾರದ ಗೆರೆಯನ್ನು, ಬೇರೆಯೇ ನಿಗದಿಪಡಿಸಬಹುದು; ಮೇಲಿನ ಮಾನದಂಡದ ಪ್ರಕಾರ ಎರಡೂ ಬದಿಯ ಕಟ್ಟಡ ರೇಖೆಗಳ ನಡುವಿನ ಅಂತರ 80 ಮೀಟರ್. ಜಮೀನು ನಿಮ್ಮದು, ಉಳಬಹುದು. ಕಟ್ಟಲು ಮಾತ್ರ ನಿಮ್ಮ ಭಾಗದ ಅಧಿಸೂಚನೆಯನ್ನು ಲೋಕೋಪಯೋಗಿ ಕಚೇರಿಯಲ್ಲಿ ನೋಡಬೇಕು. ಅದರ ನಕಲು, ಟಿಪ್ಪಣಿ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕ್ಷೆಗಳನ್ನು ತೆಗೆದಿಟ್ಟುಕೊಂಡು ನನ್ನನ್ನು ಕರೆಯಿರಿ. ಗೂಟವನ್ನು ನಾನು ಬಂದ ಮೇಲೆ ನೆಡೋಣ.