ಉರಿಮೂತ್ರದ ರಿಪೋರ್ಟಿನಲ್ಲಿ ‘ಆರ್’ ಅಂದರೆ ಏನು?

ಪ್ರಶ್ನೆ: ನನ್ನ ಹೆಂಡತಿಗೆ ಉರಿಮೂತ್ರ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಂದೆವು. ಮೂರು ದಿನಕ್ಕೆ ಉರಿ ಇಳಿಯಿತು, ಹದಿನೈದು ದಿನಕ್ಕೆ ಮತ್ತೆ ಬಂತು. ಈಗ ಯೂರಿನ್ ಕಲ್ಚರ್ ರಿಪೋರ್ಟಿನಲ್ಲಿ ‘ಈ. ಕೋಲಿ, ಇಎಸ್‌ಬಿಎಲ್’ ಎಂದಿದೆ. ಔಷಧಿಗಳ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ‘ಆರ್’. ಅವಳ ಮೈಗೆ ಇನ್ನು ಮದ್ದು ನಾಟುವುದೇ ಇಲ್ಲವೇ?
– ಮೂಡಿಗೆರೆ ಕಡೆಯ ಓದುಗರು

ಮೈಗಲ್ಲ, ಈ. ಕೋಲಿ ಎಂಬ ಆ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ. ಅದೂ ಎಲ್ಲ ಮದ್ದಲ್ಲ, ‘ಆರ್’ ಎಂದು ಬರೆದವು ಮಾತ್ರ. ಮುಂದಿನ ಸಲ ಬೇರೆ ತಳಿ ಸೇರಿಕೊಂಡರೆ ಪಟ್ಟಿಯೇ ಬೇರೆ ಇರುತ್ತದೆ. ಅದಕ್ಕೇ ಹಳೆಯ ರಿಪೋರ್ಟು ನೋಡಿ ಹೊಸ ಮಾತ್ರೆ ನುಂಗಬಾರದು.

ಮೂತ್ರದ ಸೋಂಕುಗಳಲ್ಲಿ ಮುಕ್ಕಾಲು ಪಾಲು ಈ. ಕೋಲಿಯದೇ ಕೆಲಸ. ಉಳಿದದ್ದರಲ್ಲಿ ಕ್ಲೆಬ್ಸಿಯೆಲ್ಲಾ, ಪ್ರೋಟಿಯಸ್, ಎಂಟೆರೋಕಾಕಸ್ ಬರುತ್ತವೆ. ಈ. ಕೋಲಿ ಎಲ್ಲರ ಕರುಳಲ್ಲೂ ಇದ್ದೇ ಇರುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಅಷ್ಟೇ, ಹಾಗಾಗಿ ಅಲ್ಲಿಂದ ಮೂತ್ರಕೋಶಕ್ಕೆ ದಾರಿ ಹತ್ತಿರ. ಮೈಮೇಲಿನ ಕೂದಲಿನಂಥ ಎಳೆಗಳಿಂದ ಅದು ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಎಳನೀರು, ಬಾರ್ಲಿ ನೀರು ಕುಡಿದರೆ ಉರಿ ಸ್ವಲ್ಪ ತಗ್ಗಬಹುದು, ಆದರೆ ಹಾಗೆ ಅಂಟಿಕೊಂಡದ್ದೆಲ್ಲ ಕೊಚ್ಚಿಹೋಗುವುದಿಲ್ಲ. ‘ಉಷ್ಣ ಆಗಿದೆ’ ಎಂದು ವಾರಗಟ್ಟಲೆ ತಳ್ಳುವುದು ಸರಿಯಲ್ಲ.

ಕಲ್ಚರ್ ಎಂದು ಲ್ಯಾಬಿನಲ್ಲಿ ನಡೆಯುವುದು ಇಷ್ಟು. ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು ಮೂತ್ರವನ್ನು ಸಣ್ಣ ತಂತಿಯ ಬಳೆಯಲ್ಲಿ ಎತ್ತಿ ತಟ್ಟೆಯ ಮೇಲೆ ಎಳೆಯುತ್ತಾರೆ. ಮಾರನೆಯ ದಿನ ನೂರು ಚುಕ್ಕೆ ಬೆಳೆದಿದ್ದರೆ ಮಿಲಿಗೆ 1,00,000 ಎಂದು ಲೆಕ್ಕ. ಅದಕ್ಕಿಂತ ಹೆಚ್ಚು, ಒಂದೇ ಬಗೆಯದು ಬೆಳೆದರೆ ಸೋಂಕಿಗೆ ಬಲವಾದ ಸಾಕ್ಷಿ. ನಾಲ್ಕೈದು ಬಗೆ ಬೆರೆತಿದ್ದರೆ ಮೂತ್ರ ಹಿಡಿಯುವಾಗ ಕಲಬೆರಕೆಯಾಗಿರುವುದೇ ಹೆಚ್ಚು.

ಆಮೇಲೆ ಆ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯ ತುಂಬ ಸವರಿ, ಔಷಧಿ ಅದ್ದಿದ 6 ಮಿ.ಮೀ. ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತಾರೆ. 16ರಿಂದ 18 ಗಂಟೆಯಲ್ಲಿ ತಟ್ಟೆಯೆಲ್ಲ ಮಸುಕಾಗಿ ಬೆಳೆಯುತ್ತದೆ, ಕೆಲಸ ಮಾಡುವ ಔಷಧಿಯ ಸುತ್ತ ಮಾತ್ರ ತಿಳಿಯಾದ ಉಂಗುರ ಉಳಿಯುತ್ತದೆ. ಉಂಗುರವನ್ನು ಅಳೆದು ‘ಎಸ್’ (ಮದ್ದು ನಾಟುತ್ತದೆ) ಅಥವಾ ‘ಆರ್’ (ನಾಟುವುದಿಲ್ಲ) ಬರೆಯುತ್ತಾರೆ. ರಿಪೋರ್ಟಿಗೆ ಎರಡು ಮೂರು ದಿನ ಹಿಡಿಯುವುದು ಇದಕ್ಕೇ.

ಇಎಸ್‌ಬಿಎಲ್ ಎಂದರೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಗಳನ್ನು ತುಂಡರಿಸುವ ಕಿಣ್ವ. ಅದೇ ಬಗೆಯ ಸೆಫ್ಟಜಿಡಿಮ್ ಔಷಧಿಯ ಬಿಲ್ಲೆಯ ಉಂಗುರಕ್ಕಿಂತ, ಸೆಫ್ಟಜಿಡಿಮ್ ಜೊತೆ ಈ ಕಿಣ್ವವನ್ನು ತಡೆಯುವ ಕ್ಲಾವುಲನಿಕ್ ಆಮ್ಲ ಬೆರೆಸಿದ ಬಿಲ್ಲೆಯ ಉಂಗುರ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಾದರೆ ಕಿಣ್ವ ಇದೆ ಎಂದು ಖಚಿತ. ಈ ಗುಣ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನ ಮೇಲೆ ಕುಳಿತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಬೇರೆ ಔಷಧಿಗಳನ್ನು ತಡೆಯುವ ಜೀನುಗಳೂ ಹೆಚ್ಚಾಗಿ ಅದರ ಜೊತೆಗೇ ಬರುವುದರಿಂದ ‘ಆರ್’ಗಳ ಸಾಲು ಉದ್ದವಾಗುತ್ತದೆ. ಅಂಗಡಿಯಲ್ಲಿ ಕೊಟ್ಟದ್ದು ಸೆಫಿಕ್ಸಿಮ್ ಆಗಿದ್ದರೆ, ನಾಟುವವು ಸತ್ತು ನಾಟದವು ಉಳಿದು ಬೆಳೆದಿರಬಹುದು. 2014ರ ಮಾರ್ಚ್‌ನಿಂದ ಅದು ಎಚ್1 ಪಟ್ಟಿಯಲ್ಲಿದೆ: ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕೌಂಟರಿನಲ್ಲಿ ನಡೆಯುವುದು ಏನೆಂದು ಎಲ್ಲರಿಗೂ ಗೊತ್ತು.

ರಿಪೋರ್ಟು ಓದುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಔಷಧಿಯ ಮುಂದೆ ‘ಎಂಐಸಿ’ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಅಂಕಿ ಇದ್ದರೆ, ಚಿಕ್ಕ ಅಂಕಿಯದೇ ಒಳ್ಳೆಯ ಮದ್ದು ಎಂದುಕೊಳ್ಳುತ್ತಾರೆ. ಒಂದೊಂದು ಔಷಧಿಗೂ ಗಡಿ ಬೇರೆ, ಅಂಕಿಗಳನ್ನು ಅಡ್ಡಡ್ಡ ಹೋಲಿಸುವ ಹಾಗಿಲ್ಲ. ನೀವು ಪಟ್ಟಿಯಲ್ಲಿ ಹುಡುಕಬೇಕಾದದ್ದು ನೈಟ್ರೋಫ್ಯುರಾಂಟಾಯಿನ್ ಮತ್ತು ಫಾಸ್ಫೋಮೈಸಿನ್. ಇಎಸ್‌ಬಿಎಲ್ ಇದ್ದರೂ ಇವೆರಡು ‘ಎಸ್’ ಇರುವುದು ಸಾಮಾನ್ಯ, ಅಂದರೆ ಇಂಜೆಕ್ಷನ್ ಇಲ್ಲದೆ ಮುಗಿಯಬಹುದು. ಮೊದಲನೆಯದನ್ನು ವೈದ್ಯರು ಸಾಮಾನ್ಯವಾಗಿ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಊಟದ ಜೊತೆ, 5 ದಿನಕ್ಕೆ ಬರೆಯುತ್ತಾರೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಎರಡನೆಯದು 3 ಗ್ರಾಂ ಪುಡಿ, ಒಂದೇ ಸಲ ನೀರಿಗೆ ಹಾಕಿ ಕುಡಿಯುವುದು. ಕಿಡ್ನಿ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಚಳಿಜ್ವರ, ಪಕ್ಕೆನೋವು, ವಾಂತಿ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ನೈಟ್ರೋಫ್ಯುರಾಂಟಾಯಿನ್ ಅಲ್ಲಿಗೆ ಸಾಲದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಮಲೆನಾಡಿನಲ್ಲಿ ಕಲ್ಚರ್ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಬೆಚ್ಚಗಿನ ಮೂತ್ರದಲ್ಲಿ ಈ. ಕೋಲಿ 20 ನಿಮಿಷಕ್ಕೆ ದುಪ್ಪಟ್ಟಾದರೆ ಎರಡು ಗಂಟೆಯಲ್ಲಿ 64 ಪಟ್ಟು. ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲಿ ಇಲ್ಲದ ಸೋಂಕೂ ಕಾಣಬಹುದು. ಮೊದಲ ಮಾತ್ರೆ ನುಂಗುವ ಮುಂಚೆ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಎರಡು ಗಂಟೆಯೊಳಗೆ ತಲುಪದಿದ್ದರೆ ಐಸ್ ಪ್ಯಾಕಿನ ಜೊತೆ ಒಯ್ಯಿರಿ, ಫ್ರೀಜರಿನಲ್ಲಿ ಇಡಬೇಡಿ. ತಣ್ಣಗಿದ್ದರೆ 24 ಗಂಟೆ ತಾಳುತ್ತದೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದಲ್ಲಿ ಶೌಚಾಲಯ ಇಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಸಂಜೆವರೆಗೆ ತಡೆದುಕೊಳ್ಳುತ್ತಾರೆ. ಸೋಂಕು ಮರುಕಳಿಸಲು ಇದೂ ದಾರಿ. ಇದಕ್ಕೆ ಮಾತ್ರೆ ಇಲ್ಲ, ತೋಟದವರು ಒಂದು ಶೌಚಾಲಯ ಕಟ್ಟಿಸಬೇಕು.

ಮಾತ್ರೆ ಮುಗಿದು ಉರಿ ಇಲ್ಲದಿದ್ದರೆ ‘ಹೋಯಿತೋ ಇಲ್ಲವೋ’ ಎಂದು ಮತ್ತೆ ಕಲ್ಚರ್ ಮಾಡಿಸಬೇಕಿಲ್ಲ. ಬಸುರಿಯರ ಲೆಕ್ಕ ಬೇರೆ: ತೊಂದರೆ ಕಾಣದಿದ್ದರೂ ಅವರಿಗೆ ಪರೀಕ್ಷೆ ಬೇಕು, ಬ್ಯಾಕ್ಟೀರಿಯಾ ಬಂದರೆ ಚಿಕಿತ್ಸೆಯೂ ಬೇಕು.